ಸಾಯೋ ಮುಂಚೆಯೇ ‘ರಕ್ಷಣೆ ಆಗಿದೆ’ ಅಂತ ಹೇಗೆ ಹೇಳ್ತೀರಿ?

“ಅಲ್ರೀ, ನಿಮಗ ರಕ್ಷಣಾ ಆಗೇತಿ ಅಂತೀರಲ್ಲ, ಅದು ಸತ್ತ ಮ್ಯಾಲ ಗೊತ್ತಾಗೂದಲ್ಲೇನ್ರೀ? ಈಗ್ಲೇ ಹೇಳ್ಕೋತ ಅಡ್ಡಾಡೂದು ಒಂದೀಟು ಜಂಬ ಅನಸೂದಿಲ್ಲ?”

ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಗೋಕಾಕ ಬಸ್ಸಿನಲ್ಲಿ, ಎಲ್ಲಿ ಬೇಕಾದರೂ ನನ್ನಂಥ ಕ್ರೈಸ್ತರಿಗೆ ಈ ಪ್ರಶ್ನೆ ಎದುರಾಗುತ್ತದೆ. ರಕ್ಷಣೆ ಅಂದರೆ ದೇವರು ನಮ್ಮ ಪಾಪ ಕ್ಷಮಿಸಿ ನಮ್ಮನ್ನು ತನ್ನವರಾಗಿ ಒಪ್ಪಿಕೊಳ್ಳೋದು. ಜಗಳ ತೆಗೆಯಲು ಕೇಳುವವರು ಕಡಿಮೆ. ಬೆಳಗಾವಿಗೆ ಚರ್ಚ್ ಏನೂ ಹೊಸದಲ್ಲ. ಲಂಡನ್ ಮಿಷನ್‌ನವರು ಇಲ್ಲಿ ಕೆಲಸ ಶುರು ಮಾಡಿದ್ದೇ 1820ರಲ್ಲಿ. ಕ್ಯಾಂಪಿನ ಕಡೆ ಹೋದವರೆಲ್ಲ ಚರ್ಚಿನ ಕಟ್ಟಡ ನೋಡಿರುತ್ತಾರೆ, ಕ್ರಿಸ್‌ಮಸ್ ಕೇಕನ್ನೂ ತಿಂದಿರುತ್ತಾರೆ. ಒಳಗೆ ಏನು ಹೇಳುತ್ತಾರೆ ಅನ್ನೋದು ಮಾತ್ರ ಎಷ್ಟೋ ಸಲ ಪಕ್ಕದ ಮನೆಯವರಿಗೂ ಗೊತ್ತಿರಲ್ಲ.

ಮೊದಲು ಜಂಬದ ಮಾತು. “ನಾನು ಒಳ್ಳೆಯವನು, ಅದಕ್ಕೇ ದೇವರು ನನ್ನನ್ನು ಒಪ್ಪಿಕೊಂಡ” ಅಂದರೆ ಅದು ಜಂಬವೇ, ಅನುಮಾನ ಬೇಡ. ಆದರೆ ಯೇಸುವಿನ ಸುವಾರ್ತೆ, ಅಂದರೆ ಶುಭ ಸಮಾಚಾರ, ಹೇಳೋದು ಇದರ ಉಲ್ಟಾ. ನಮ್ಮ ಕಡೆ ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಸಾಲ ಯಾರಿಗೆ ಗೊತ್ತಿಲ್ಲ? ಸಾಲ ಮನ್ನಾ ಆದ ರೈತ “ನನ್ನ ಸಾಲ ಹೋಯ್ತು” ಅಂತ ಊರೆಲ್ಲ ಹೇಳಿಕೊಂಡು ಬಂದರೆ ಅದನ್ನು ಸೊಕ್ಕು ಅಂತೀರಾ? “ನಾನೇ ದುಡಿದು ತೀರಿಸಿದೆ” ಅಂದರೆ ಆಗ ಸೊಕ್ಕು, ಸುಳ್ಳು ಕೂಡ. ಇನ್ನೊಂದು ಮಾತು. ಮನ್ನಾ ಆದ ಸಾಲ ಗಾಳಿಯಲ್ಲಿ ಕರಗಲ್ಲ. ಸಂಘಕ್ಕೆ ಆ ದುಡ್ಡನ್ನು ಯಾರಾದರೂ ಕಟ್ಟಿಕೊಡಲೇಬೇಕು. ಪಾಪದ ವಿಷಯದಲ್ಲಿ ಹಾಗೆ ಕಟ್ಟಿದವನು ಯೇಸು, ಕಟ್ಟಿದ ಜಾಗ ಶಿಲುಬೆ. ಇಡೀ ಸುವಾರ್ತೆ ಇರೋದು ಇಷ್ಟರಲ್ಲೇ.

ಯೇಸು ತಾನೇ ಸಾಲದ ಕಥೆ ಹೇಳಿದ್ದಾನೆ, ಬೈಬಲಿನ ಲೂಕನ ಸುವಾರ್ತೆ ಪುಸ್ತಕದ 7ನೇ ಅಧ್ಯಾಯದಲ್ಲಿ ಇದೆ. ಒಬ್ಬನ ಮೇಲೆ 500 ಬೆಳ್ಳಿ ನಾಣ್ಯದ ಸಾಲ, ಇನ್ನೊಬ್ಬನ ಮೇಲೆ 50. ಇಬ್ಬರ ಕೈಯಲ್ಲೂ ತೀರಿಸಲು ಏನೂ ಇಲ್ಲ. ಸಾಹುಕಾರ ಇಬ್ಬರದನ್ನೂ ಬಿಟ್ಟುಬಿಟ್ಟ. ನಮ್ಮಂಥ ಮರ್ಯಾದಸ್ಥರಿಗೆ ಕಷ್ಟ ಆಗೋದು ಇಲ್ಲೇ. ನಮ್ಮದು 50ರ ಲೆಕ್ಕ, ಹೇಗೋ ತೀರಿಸ್ತೀವಿ ಅನ್ನೋ ಧೈರ್ಯ.

ಸರಿ, ಅದು ಈಗಲೇ ಗೊತ್ತಾಗೋದು ಹೇಗೆ? ಇದಕ್ಕೆ ನಾನು ಶುಭ ಶುಕ್ರವಾರದ (ಯೇಸು ಶಿಲುಬೆಯ ಮೇಲೆ ಸತ್ತ ದಿನ, ಗುಡ್ ಫ್ರೈಡೇ) ಆರಾಧನೆಯ ಕಡೆ ಕೈ ತೋರಿಸುತ್ತೇನೆ. ಮಧ್ಯಾಹ್ನ 12ರಿಂದ 3ರವರೆಗೆ ನಡೆಯುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಮಾತು ಏಳು, ಒಂದೊಂದು ಮಾತಿನ ಮೇಲೆ ಒಂದೊಂದು ಪ್ರಸಂಗ. ಹೊರಗೆ ಬಿಸಿಲು. ಒಳಗೆ ಬಿಳಿ ಸೀರೆ, ಬಿಳಿ ಅಂಗಿ, ಉಪವಾಸದ ಹೊಟ್ಟೆ, ಗರಗರ ತಿರುಗುವ ಫ್ಯಾನು. ಐದನೇ ಮಾತು “ನನಗೆ ನೀರಡಿಕೆಯಾಗಿದೆ” ಬರುವ ಹೊತ್ತಿಗೆ ಕೂತವರ ಗಂಟಲೂ ಒಣಗಿರುತ್ತದೆ. ನಾನು ಕಿವಿಗೊಟ್ಟು ಕೇಳೋದು ಎರಡನೇ ಮಾತನ್ನು.

ಯೇಸುವಿನ ಅಕ್ಕಪಕ್ಕ ಇಬ್ಬರು ಅಪರಾಧಿಗಳನ್ನು ಶಿಲುಬೆಗೆ ಹಾಕಿದ್ದರು. ಒಬ್ಬ ಬೈದ. ಇನ್ನೊಬ್ಬ ಅವನನ್ನು ತಡೆದ. “ನಮಗಾದ ಶಿಕ್ಷೆ ನ್ಯಾಯವಾದದ್ದೇ, ಇವನು ಮಾತ್ರ ತಪ್ಪು ಮಾಡಿದವನಲ್ಲ” ಅಂದ. ಆಮೇಲೆ ಯೇಸುವಿನ ಕಡೆ ತಿರುಗಿ, ನೀನು ರಾಜನಾಗಿ ಬರುವಾಗ ನನ್ನನ್ನು ನೆನಪು ಮಾಡಿಕೋ ಅಂತ ಕೇಳಿದ. ಅಷ್ಟೇ. ಆ ಮನುಷ್ಯನ ಸ್ಥಿತಿ ಸ್ವಲ್ಪ ನೋಡಿ. ಕೈಗೆ ಮೊಳೆ, ಇನ್ನು ಆ ಕೈಯಿಂದ ದಾನ ಕೊಡೋಕಾಗಲ್ಲ. ಕಾಲಿನಿಂದ ಯಾತ್ರೆ ಹೋಗೋಕಾಗಲ್ಲ. ದೀಕ್ಷಾಸ್ನಾನ (ಸಭೆಗೆ ಸೇರುವಾಗ ಕೊಡುವ ನೀರಿನ ಸಂಸ್ಕಾರ) ಇಲ್ಲ, ಪ್ರಾಯಶ್ಚಿತ್ತಕ್ಕೆ ಟೈಮಿಲ್ಲ. ಅವನ ಹತ್ತಿರ ಉಳಿದಿದ್ದು ಬಾಯಿ ಮಾತ್ರ. ಅದರಿಂದ ತಪ್ಪು ಒಪ್ಪಿಕೊಂಡ, ಯೇಸುವನ್ನು ಕೇಳಿಕೊಂಡ. ಅವನಿಗೆ ಸಿಕ್ಕ ಉತ್ತರ: “ಇವತ್ತೇ ನನ್ನ ಜೊತೆ ಪರದೈಸಿನಲ್ಲಿರುತ್ತೀ.” ಪರದೈಸು ಅಂದರೆ ಸ್ವರ್ಗ. ನೋಡೋಣ, ಲೆಕ್ಕ ಹಾಕಿ ಹೇಳ್ತೀನಿ ಅಂತ ಯೇಸು ಅನ್ನಲಿಲ್ಲ. ಆ ಮನುಷ್ಯ ಸಾಯೋ ಮುಂಚೆಯೇ ತಿಳಿದುಕೊಂಡ.

ಇದನ್ನು ಹೇಳಿದ ತಕ್ಷಣ ಮುಂದಿನ ಪ್ರಶ್ನೆ ರೆಡಿ ಇರುತ್ತದೆ: “ಹಂಗಾದ್ರ ಏನ್ ಮಾಡಿದ್ರೂ ನಡೀತೈತಿ ಅಂದಂಗಾತು!” ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವಾಗಿ ಬೈಬಲಿನಲ್ಲಿ ಜಕ್ಕಾಯ ಇದ್ದಾನೆ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ಸಾಹುಕಾರನಾದವನು. ಕುಳ್ಳ ಬೇರೆ, ಯೇಸುವನ್ನು ನೋಡಲು ಮರ ಹತ್ತಿದ್ದ. ಯೇಸು ಕೆಳಗೆ ನಿಂತು “ಬೇಗ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು” ಅಂದ. ಊರಿನವರು ಗೊಣಗಿದರು. ಆಮೇಲೆ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್ ಅಂತ ಘೋಷಿಸಿದ. ನಾಲ್ಕರಷ್ಟು ಕೊಟ್ಟ ಮೇಲೆ ಯೇಸು ಮನೆಗೆ ಬಂದದ್ದಲ್ಲ. ಯೇಸು ಹೆಸರು ಹಿಡಿದು ಕರೆದ ಮೇಲೆ ಗಂಟು ಬಿಚ್ಚಿತು. ಗಂಟು ಬಿಚ್ಚದೇ “ನನಗೂ ರಕ್ಷಣೆ ಆಗಿದೆ” ಅನ್ನೋರನ್ನು ಕಂಡರೆ ನನಗೂ ಅನುಮಾನವೇ.

ಕ್ರಿಶ್ಚಿಯನ್ ಮನೆಯಲ್ಲಿ ಹುಟ್ಟಿದರೆ ಇದೆಲ್ಲ ತಾನಾಗಿ ಬರುತ್ತದಾ? ಬರಲ್ಲ. ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಸಭೆಗೆ ಕಾರಣನಾದ ಜಾನ್ ವೆಸ್ಲಿಯನ್ನೇ ನೋಡಿ. ಪಾದ್ರಿಯ ಮಗ, 1728ರಲ್ಲಿ ತಾನೇ ಪಾದ್ರಿಯಾದ, ಅಮೆರಿಕಕ್ಕೆ ಮಿಷನರಿಯಾಗಿ ಹೋದ. ಹಡಗು ಬಿರುಗಾಳಿಗೆ ಸಿಕ್ಕಾಗ ಸಾವಿನ ಹೆದರಿಕೆಯಿಂದ ನಡುಗಿದ. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಕ್ರೈಸ್ತರು ಕೂತು ಕೀರ್ತನೆ ಹಾಡುತ್ತಿದ್ದರು. ವೆಸ್ಲಿಗೆ ರಕ್ಷಣೆಯ ನಿಶ್ಚಯ ಸಿಕ್ಕಿದ್ದು 1738ರ ಮೇ 24ರ ರಾತ್ರಿ, ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ. ಕ್ರಿಸ್ತ ನನ್ನ ಪಾಪವನ್ನೂ ತೆಗೆದುಹಾಕಿದ್ದಾನೆ ಅಂತ ಆಗ ಅವನಿಗೆ ಅನ್ನಿಸಿತು. ಪಾದ್ರಿಯಾಗಿ ಹತ್ತು ವರ್ಷ ಆದ ಮೇಲೆ!

ಕ್ಯಾಥೋಲಿಕ್ ಗೆಳೆಯರು ನನ್ನಷ್ಟು ಖಡಾಖಂಡಿತವಾಗಿ “ಆಗಿದೆ” ಅನ್ನಲ್ಲ, ಭರವಸೆಯ ಮಾತಾಡುತ್ತಾರೆ. ರಕ್ಷಣೆ ಸಿಗೋದು ದೇವರ ಕೃಪೆಯಿಂದಲೇ ಅನ್ನೋದರಲ್ಲಿ ಜಗಳವಿಲ್ಲ. 1999ರಲ್ಲಿ ಕ್ಯಾಥೋಲಿಕರೂ ಲೂಥರನ್ನರೂ (ಮಾರ್ಟಿನ್ ಲೂಥರ್ ಪರಂಪರೆಯ ಪ್ರೊಟೆಸ್ಟಂಟರು) ಹಾಗಂತ ಜಂಟಿಯಾಗಿ ಒಪ್ಪಿ ಸಹಿ ಹಾಕಿದರು, 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು.

“ಮತ್ತ ಶುರು ಹೆಂಗ ಮಾಡೂದು?” ಅಂತ ಮೆಲ್ಲಗೆ ಕೇಳುವವರೂ ಇದ್ದಾರೆ. ನಿಮ್ಮ ಮಾತಿನಲ್ಲೇ, ನಿಮ್ಮ ಬೆಳಗಾವಿ ಕನ್ನಡದಲ್ಲೇ ಯೇಸುವಿನ ಹತ್ತಿರ ಮಾತಾಡಿ. ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಿ, ಕ್ಷಮಿಸು ಅನ್ನಿ, ಇನ್ನು ಮುಂದೆ ನೀನೇ ನಡೆಸು ಅನ್ನಿ. ಮಾರ್ಕನ ಸುವಾರ್ತೆ ಓದಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದೀಕ್ಷಾಸ್ನಾನಕ್ಕೆ ಗಡಿಬಿಡಿ ಬೇಡ, ತಿಳಿದು ತೆಗೆದುಕೊಳ್ಳಿ. ಮನೆಯವರಿಂದ ಮುಚ್ಚಿಡಬೇಡಿ. ದುಡ್ಡು ಕೊಡ್ತೀನಿ ಅನ್ನೋರು, ಹೆದರಿಸೋರು ಸಿಕ್ಕರೆ ಎದ್ದು ಬನ್ನಿ. ಭಾನುವಾರ ಬೆಳಿಗ್ಗೆ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತರೂ ಆಯಿತು. ಕಾಣಿಕೆ ಚೀಲ ಮುಂದೆ ಬಂದಾಗ ಹಾಗೇ ಪಕ್ಕದವರಿಗೆ ದಾಟಿಸಿ, ಯಾರೂ ಏನೂ ಅಂದುಕೊಳ್ಳಲ್ಲ.