ದೊಡ್ಡಮ್ಮನ ವೀಣೆ ಮಾರಿದ ಡೈರಿ

ಮೊದಲ ಭಾನುವಾರ

ಹಾಸನಾಂಬೆಯ ಬಾಗಿಲು ಹಾಕಿ ಒಂದು ವಾರ ಆಯಿತು. ದರ್ಶನಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದರು. ಮನೆ ಸ್ವಲ್ಪ ಖಾಲಿ ಅನ್ನಿಸಿದ ಮೇಲೆ ಅಟ್ಟದಿಂದ ದೊಡ್ಡಮ್ಮನ ವೀಣೆ ಇಳಿಸಿದೆವು.

ನನ್ನ ಹತ್ತಿರ ನನ್ನದೇ ಒಂದು ವೀಣೆ ಇದೆ. ಹಾಸನದ ಕೆ.ಆರ್. ಪುರಂನ ಈ ಎರಡು ಕೋಣೆಯ ಮನೆಯಲ್ಲಿ ಎರಡು ವೀಣೆ ಅಂದರೆ ಜಾಸ್ತಿಯೇ. ದೊಡ್ಡಮ್ಮ ಹೋಗಿ ಆರು ವರ್ಷ. ಅಲ್ಲಿಂದ ಇದನ್ನು ಯಾರೂ ಮುಟ್ಟಿಲ್ಲ. ಅವರು ಅರಕಲಗೂಡು ಕಡೆಯವರು. ಕಾವೇರಿ ದಡದ ರುದ್ರಪಟ್ಟಣ ಅದೇ ತಾಲ್ಲೂಕು. ಸಂಗೀತಗಾರರ ಊರು. ತಂಬೂರಿ ಆಕಾರದ ಸಪ್ತಸ್ವರ ಮಂದಿರ ಇರುವುದು ಅಲ್ಲೇ. "ನಮ್ಮ ಕಡೆ ಹಲಸಿನ ಮರಕ್ಕೂ ಶ್ರುತಿಜ್ಞಾನ ಇದೆ ಕಣೇ" ಅಂತ ದೊಡ್ಡಮ್ಮ ಜಂಬ ಕೊಚ್ಚುತ್ತಿದ್ದರು. ಈ ವೀಣೆಯೂ ಹಲಸಿನದೇ.

ಧೂಳು ಒರೆಸಿ ನೋಡಿದೆ. ಏಳು ತಂತಿಯಲ್ಲಿ ಎರಡು ತುಂಡಾಗಿವೆ, ಉಳಿದವಕ್ಕೆ ತುಕ್ಕು. ಸ್ವರಕ್ಕೆ ಬೆರಳೊತ್ತುವ 24 ಮೆಟ್ಟಿಲಲ್ಲಿ ಎರಡು ಅಲ್ಲಾಡುತ್ತಿವೆ, ಕೆಳಗಿನ ಮೇಣ ಒಣಗಿ ಬಿರುಕು ಬಿಟ್ಟಿದೆ. ತಂತಿ ಬಿಗಿಯುವ ಒಂದು ಬಿರಡೆ ಜಾರುತ್ತೆ. ಗುಂಡನೆಯ ಕೊಡ ಮತ್ತು ಉದ್ದನೆಯ ದಂಡಿ ಸೇರುವ ಜಾಗ ಮಾತ್ರ ಗಟ್ಟಿಯಾಗಿದೆ. ನನಗೆ ಮುಖ್ಯವಾಗಿ ಬೇಕಿದ್ದದ್ದು ಅದೇ. ಮೇಣ, ತಂತಿ ಎಲ್ಲ ಬದಲಾಯಿಸಬಹುದು, ಆ ಬೆಸುಗೆ ಬಿಟ್ಟುಕೊಂಡರೆ ವೀಣೆಯ ಕಥೆ ಮುಗಿದ ಹಾಗೆ.

ಸೋಮವಾರ

ರಾತ್ರಿ ನಿದ್ದೆ ಬರಲಿಲ್ಲ. ಕೊಡದ ಸುತ್ತ ಬಿಳಿ ಹೂವಿನ ಸಾಲು ಇದೆಯಲ್ಲ, ಅದು ದಂತದ್ದಾಗಿದ್ದರೆ?

ಹಳೇ ಮೈಸೂರು ವೀಣೆಗಳಿಗೆ ಆನೆದಂತ ಕೂರಿಸುತ್ತಿದ್ದರು, ಜಿಂಕೆ ಕೊಂಬೂ ಬಳಸುತ್ತಿದ್ದರು. ಆಗ ಯಾರೂ ಕೇಳುತ್ತಿರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 1986ರ ತಿದ್ದುಪಡಿಯಲ್ಲಿ ನಮ್ಮ ದೇಶದ ಆನೆಯ ದಂತದ ವ್ಯಾಪಾರವನ್ನೇ ನಿಲ್ಲಿಸಿದರು. ಅಜ್ಜಿ ಕಾಲದ್ದು, ಮನೆಯದ್ದು ಅಂದರೆ ಕಾನೂನು ಕೇಳಲ್ಲ. ಆನ್‌ಲೈನ್‌ನಲ್ಲಿ ಫೋಟೋ ಹಾಕಿ ಬೆಲೆ ಬರೆದರೆ ನಾನೇ ಸಾಕ್ಷಿ ಬರೆದುಕೊಟ್ಟ ಹಾಗೆ. ದುಡ್ಡು ಕದಿಯುವವರಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ಯೋಚಿಸುತ್ತಿದ್ದವಳಿಗೆ ಮೊದಲು ನಾನೇ ಕಳ್ಳಿ ಆಗದ ಹಾಗೆ ನೋಡಿಕೊಳ್ಳಬೇಕು ಅಂತ ಆಯಿತು.

ಬುಧವಾರ

ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವ ಯಜಮಾನರೊಬ್ಬರು ಇದ್ದಾರೆ. ನನ್ನ ವೀಣೆಗೂ ಅವರೇ ಮೇಣ ಹಾಕಿಕೊಟ್ಟದ್ದು. ಅಕ್ಕನ ಮಗನ ಕಾರಿನ ಹಿಂದಿನ ಸೀಟಿಗೆ ಎರಡು ಕಂಬಳಿ ಹಾಸಿ, ಬೆಳಗಿನ ಜಾವವೇ ಹೊರಟೆವು. ಬಿಸಿಲು ಏರಿದರೆ ಮುಚ್ಚಿದ ಕಾರೊಳಗೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತವೆ.

ಅವರು ಭೂತಗನ್ನಡಿ ತೆಗೆದು ನೋಡಿದರು. "ದಂತ ಆದರೆ ಅಡ್ಡ ಕೊಯ್ದ ಕಡೆ ಒಂದರ ಮೇಲೊಂದು ಹಾಯುವ ಸಣ್ಣ ಗೆರೆ ಇರುತ್ತವೆ ತಾಯಿ. ಇಲ್ಲಿ ಏನೂ ಇಲ್ಲ. ಹೂವೆಲ್ಲ ಒಂದೇ ಅಚ್ಚು." ಆಮೇಲೆ ಒಂದು ಮೂಲೆ ತೋರಿಸಿ ನಕ್ಕರು. ಒಂದು ದಳದ ತುದಿ ಕರಗಿ ಗುಂಡಗಾಗಿದೆ. ದೊಡ್ಡಮ್ಮ ಊದಿನಕಡ್ಡಿ ಹಚ್ಚಿಟ್ಟು ಅಭ್ಯಾಸ ಮಾಡುತ್ತಿದ್ದರು, ಯಾವತ್ತೋ ತಾಗಿರಬೇಕು. ದಂತ ಸುಟ್ಟರೆ ಕಪ್ಪಾಗುತ್ತೆ, ಕರಗಲ್ಲ. ಇದು ಪ್ಲಾಸ್ಟಿಕ್.

ನಿಜವಾದ ದಂತದ ವೀಣೆ ತಂದವರಿಗೆ ಏನು ಹೇಳುತ್ತೀರಿ ಅಂತ ಕೇಳಿದೆ. "ಅರಣ್ಯ ಇಲಾಖೆಯವರನ್ನು ಕೇಳಿ, ಮಾರುವ ಮಾತು ಬೇಡ ಅನ್ನುತ್ತೇನೆ. ನಾನು ಕೈ ಹಾಕಲ್ಲ" ಅಂದರು. ಹೊಸ ತಂತಿ ಹಾಕಿಸಿದೆ. ಮೆಟ್ಟಿಲ ಮೇಣ ಪೂರ್ತಿ ಹೊಸದಾಗಿ ಮಾಡಲು ಹೇಳಿದ ದರಕ್ಕೆ ನಾನು ಹಿಂದೆ ಸರಿದೆ. ತೊಗೊಳ್ಳುವವರು ತಮ್ಮ ಕಿವಿಗೆ ತಕ್ಕ ಹಾಗೆ ಮಾಡಿಸಿಕೊಳ್ಳಲಿ. ಎರಡು ಮೆಟ್ಟಿಲು ಇಳಿದಿವೆ ಅಂತ ಜಾಹೀರಾತಲ್ಲೇ ಬರೆದರಾಯಿತು.

ಶುಕ್ರವಾರ

ಇವತ್ತು ಫೋಟೋ. ಹದಿನೆಂಟು ತೆಗೆದೆ. ಅದರಲ್ಲಿ ಒಂದು ಫೋಟೋದ ಕಿಟಕಿಯಾಚೆ ನಮ್ಮ ಮನೆ ಎದುರಿನ ಅಂಗಡಿಯ ಬೋರ್ಡು ಸ್ಪಷ್ಟವಾಗಿ ಓದಬಹುದು! ಗಮನಿಸಿದ್ದು ಅಕ್ಕನ ಮಗ. "ಅಡ್ರೆಸ್ಸು ಬರೆಯಲ್ಲ ಅಂತೀರಿ ಚಿಕ್ಕಮ್ಮ, ಇದೇನು?" ಎಲ್ಲ ಅಳಿಸಿ ಗೋಡೆ ಕಡೆ ಜಮಖಾನ ಹಾಸಿ ಮತ್ತೆ ತೆಗೆದೆ. ಫೋಟೋ ಜೊತೆ ಜಾಗದ ಗುರುತು ಸೇರುವುದನ್ನು ಫೋನಿನ ಕ್ಯಾಮೆರಾದಲ್ಲಿ ಅವನೇ ಆಫ್ ಮಾಡಿಕೊಟ್ಟ.

ಕರಗಿದ ದಳದ ಫೋಟೋ ಹತ್ತಿರದಿಂದ ತೆಗೆದೆ. ವೀಣೆಗೆ ಬೈಕಿನ ಹಾಗೆ ಚಾಸಿ ನಂಬರ್ ಇರಲ್ಲ. ಇದು ನಮ್ಮದೇ ವೀಣೆ ಅಂತ ಹೇಳಲು ಇಂಥ ಗಾಯಗಳೇ ಗತಿ. ದಂಡಿಯ ತುದಿಯಲ್ಲಿ ಮೃಗದ ತಲೆ ಕೆತ್ತಿರುತ್ತಾರಲ್ಲ, ಆ ಯಾಳಿಯ ಬಲಗಿವಿ ಮುಕ್ಕಾಗಿರುವುದನ್ನೂ ತೆಗೆದಿಟ್ಟೆ.

ಬೆಲೆ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಕಲಿಯುವವರಿಗೆ ಸಾಕಾಗುವ ಹೊಸ ವೀಣೆಗೆ ನನಗೆ ಹೇಳಿದ್ದು 32 ಸಾವಿರ. ನಮ್ಮವರು 25 ಹಾಕು ಅಂದರು. ಮೇಣದ ಕೆಲಸ ಬಾಕಿ ಇರುವ ವೀಣೆಗೆ ಯಾರು ಕೊಡುತ್ತಾರೆ? 17 ಸಾವಿರ ಅಂತ ಬರೆದೆ. ಜಾಗ "ಹಾಸನ" ಅಂತ ಅಷ್ಟೇ. ನಂಬರಿಗೆ ಹಳೇ ಫೋನಿನ ಇನ್ನೊಂದು ಸಿಮ್. ಆ ಸಿಮ್ಮಿಗೆ ಬ್ಯಾಂಕಿನ ಖಾತೆಯೂ ಸೇರಿಲ್ಲ, ಯುಪಿಐ ಕೂಡ ಇಲ್ಲ. ಒಂದು ನಿಮಿಷ ನುಡಿಸಿ ವೀಡಿಯೋ ಹಾಕಿದೆ, ಇಳಿದ ಎರಡು ಮೆಟ್ಟಿಲ ಮೇಲೂ ಬೆರಳಿಟ್ಟು ತೋರಿಸಿದೆ.

ಶುಕ್ರವಾರ ರಾತ್ರಿ

ಹಾಕಿ ಇಪ್ಪತ್ತು ನಿಮಿಷ ಆಗಿಲ್ಲ, ಫೋನು. ಹಿಂದಿ.

"ವೀಣಾ ಜೀ?"

ನನ್ನ ಹೆಸರು ವೀಣಾ ಅಲ್ಲ. ಜಾಹೀರಾತಿನ ತಲೆಬರಹ ನೋಡಿ ಅದೇ ನನ್ನ ಹೆಸರು ಅಂದುಕೊಂಡಿದ್ದಾನೆ ಪುಣ್ಯಾತ್ಮ! ಮಿಲಿಟರಿಯವನಂತೆ. ವರ್ಗ ಆಗಿದೆಯಂತೆ. ಕೇಳದಿದ್ದರೂ ಯೂನಿಫಾರ್ಮಿನ ಫೋಟೋ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಎಲ್ಲ ಕಳಿಸಿದ. ಚೌಕಾಸಿ ಇಲ್ಲ. 17 ಅಂದರೆ 17. ನಾಳೆ ಜೀಪು ಬಂದು ತೊಗೊಂಡು ಹೋಗುತ್ತೆ, ಹಣ ಈಗಲೇ.

ನಾನು ಸುಮ್ನೆ ಕೇಳಿದೆ: "ನೀವು ನುಡಿಸುತ್ತೀರಾ, ಮನೆಯವರಾ?" ಅವನು ಹೇಳಿದ್ದು: "ಕಂಡೀಷನ್ ಒಳ್ಳೇದಿದೆ ತಾನೇ? ಎಷ್ಟು ವರ್ಷ ಓಡಿದೆ?"

ಆಮೇಲೆ ಒಂದು ಕ್ಯೂಆರ್ ಕೋಡ್ ಬಂತು. "ಇದನ್ನು ಸ್ಕ್ಯಾನ್ ಮಾಡಿ, ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬೀಳುತ್ತೆ." ಕ್ಯೂಆರ್ ಸ್ಕ್ಯಾನ್ ಮಾಡುವುದು ಕೊಡುವವರ ಕೆಲಸ. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ನಾವು, ಅಂಗಡಿಯವನಲ್ಲ ಅಲ್ವಾ? ಯುಪಿಐನಲ್ಲಿ ಪಿನ್ ಒತ್ತಿ ಹಣ ಕಳಿಸಬಹುದು, ಬಾಕಿ ನೋಡಬಹುದು. ಬರುವ ಹಣಕ್ಕೆ ಪಿನ್ ಬೇಕಿಲ್ಲ. ಮೊದಲೆಲ್ಲ ಇವರು ‘ಹಣ ಕಳಿಸಿ’ ಅನ್ನುವ ಕೋರಿಕೆಯನ್ನೇ ನೇರ ಕಳಿಸಿ, ಗಡಿಬಿಡಿಯಲ್ಲಿ ಒಪ್ಪಿಗೆ ಒತ್ತಿಸುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಾಗೆ ಕೋರಿಕೆ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಆಟ ಮಾತ್ರ ಹಾಗೇ ಉಳಿದಿದೆ.

"ಒಂದು ರೂಪಾಯಿ ಹಾಕಿ ಟೆಸ್ಟ್ ಮಾಡಿ, ಎರಡು ರೂಪಾಯಿ ವಾಪಸ್ ಬರುತ್ತೆ" ಅಂದ. ನಿಜವಾಗಿ ಬರುತ್ತಂತೆ. ಆ ನಂಬಿಕೆ ಹುಟ್ಟಿಸಿ ಆಮೇಲೆ ದೊಡ್ಡ ಮೊತ್ತದ ಕೋಡ್ ಕಳಿಸುತ್ತಾರೆ. ಫೋನ್ ಇಟ್ಟು, ನಂಬರಿನ ಮೇಲೆ ಸರ್ಕಾರದ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ದೂರು ಹಾಕಿದೆ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹೋಗದೆ ಬರೀ ಪ್ರಯತ್ನ ಆಗಿದ್ದರೆ ಚಕ್ಷು.

ಭಾನುವಾರ

ಇನ್ನೊಬ್ಬ. ಇವನದು ಕನ್ನಡವೇ, ಮಾತು ಬೆಣ್ಣೆ. "ಅಕ್ಕಾ, 2 ಸಾವಿರ ಅಡ್ವಾನ್ಸ್ ಕಳಿಸಿದೆ, ಕೈ ತಪ್ಪಿ 20 ಸಾವಿರ ಹೋಗಿಬಿಟ್ಟಿದೆ, 18 ವಾಪಸ್ ಹಾಕಿ, ಆಸ್ಪತ್ರೆ ದುಡ್ಡು ಅದು." ಅದೇ ಕ್ಷಣ ಖಾತೆಗೆ 20,000 ಜಮಾ ಅಂತ ಮೆಸೇಜ್. ಬಂದದ್ದು ಆ ಎರಡನೇ ಸಿಮ್ಮಿಗೆ. ಆ ಸಿಮ್ಮಿಗೂ ನನ್ನ ಬ್ಯಾಂಕಿಗೂ ಸಂಬಂಧವೇ ಇಲ್ಲವಲ್ಲ! ಮೆಸೇಜ್ ಕಳಿಸಿದ್ದೂ ಹತ್ತು ಅಂಕಿಯ ಸಾದಾ ಮೊಬೈಲ್ ನಂಬರು. ಆದರೂ ಬ್ಯಾಂಕಿನ ಆ್ಯಪ್ ತೆಗೆದು ನೋಡಿದೆ. ಒಂದು ಪೈಸೆ ಬಂದಿಲ್ಲ. ಅವನು ಅಳುವ ದನಿ ತೆಗೆದ. ಒಂದು ಗಳಿಗೆ ನನಗೂ ಕರುಳು ಚುರುಕ್ ಅಂದಿತು, ಸುಳ್ಳು ಯಾಕೆ ಹೇಳಲಿ.

ಇವನೂ ವೀಣೆ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಮಂಗಳವಾರ, ಬುಧವಾರ

ಏನಿಲ್ಲ. "ಲಾಸ್ಟ್ ಪ್ರೈಸ್?" ಅಂತ ಹನ್ನೊಂದು ಜನ.

ಗುರುವಾರ

ಶಿವಮೊಗ್ಗದಿಂದ ಒಬ್ಬರು. ಇವರು ಕೇಳಿದ್ದೇ ಬೇರೆ. ತಂತಿ ಹೊರುವ ಕುದುರೆಯ ಮೇಲಿನ ಹಿತ್ತಾಳೆ ತಗಡಲ್ಲಿ ತಂತಿ ಗೀರಿದ ಗುರುತು ಎಷ್ಟು ಆಳ ಇದೆ? ಮೊದಲ ತಂತಿ ಸಾರಣಿ ಮೀಟಿದರೆ ನಾದ ಎಷ್ಟು ಹೊತ್ತು ನಿಲ್ಲುತ್ತೆ? ದಂಡಿ ಕೆಳಗಿನ ಬುರುಡೆ ಸೋರೆಯದಾ, ಫೈಬರ್ರಾ? ನನಗೆ ಖುಷಿಯಾಗಿ ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಪಾರ್ಸೆಲ್ ಮಾಡಿ ಅಂದರು. ಅಲ್ಲಿಗೆ ನಿಂತಿತು. ಬಸ್ಸಿನ ಕಾರ್ಗೋ ಇದೆ, ಕೊರಿಯರ್ ಇದೆ, ಎಲ್ಲ ಇದೆ. ನಾಲ್ಕಡಿ ಉದ್ದದ, ಒಂದು ತುದಿ ಭಾರದ, ಇನ್ನೊಂದು ತುದಿ ಕಡೆ ಬುರುಡೆ ನೇತಾಡುವ ವಸ್ತುವನ್ನು ಮರದ ಪೆಟ್ಟಿಗೆ ಮಾಡಿಸದೆ ಕಳಿಸಲು ನನಗೆ ಧೈರ್ಯ ಇಲ್ಲ. ಬಿರುಕು ಬಿಟ್ಟು ತಲುಪಿದರೆ ಮೊದಲೇ ಇತ್ತಾ, ದಾರಿಯಲ್ಲಿ ಆಯಿತಾ ಅಂತ ಇಬ್ಬರು ಒಳ್ಳೆಯವರು ಜಗಳ ಆಡಬೇಕು. ಬಂದು ನುಡಿಸಿ ನೋಡಿ ತೊಗೊಳ್ಳಿ ಅಂದೆ. ಅವರಿಗೆ ಆಗಲಿಲ್ಲ.

ಮೂರನೇ ಭಾನುವಾರ

ಸಕಲೇಶಪುರದಿಂದ ಅಪ್ಪ ಮಗಳು ಬಂದರು. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಮಗಳು ಒಂಬತ್ತನೇ ಕ್ಲಾಸು, ಎರಡು ವರ್ಷದಿಂದ ಟೀಚರ್ ಮನೆಯ ವೀಣೆಯಲ್ಲೇ ಕಲಿಯುತ್ತಿದ್ದಾಳೆ.

ಎಲ್ಲಿ ಸೇರುವುದು ಅನ್ನುವುದೇ ದೊಡ್ಡ ತಲೆನೋವಾಗಿತ್ತು. ಗೊತ್ತಿಲ್ಲದವರನ್ನು ಮನೆಗೆ ಕರೆಯಬಾರದು, ಜನ ಇರುವ ಕಡೆ ಭೇಟಿ ಆಗಿ ಅನ್ನುತ್ತಾರೆ. ಮೊಬೈಲ್ ಫೋನಾದರೆ ಸರಿ. ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ವೀಣೆ ಶ್ರುತಿ ಮಾಡಿ ನೋಡಲು ಆಗುತ್ತಾ? ಕೊನೆಗೆ ನನ್ನ ಗುರುಗಳ ಪಾಠದ ಕೋಣೆ ಕೇಳಿಕೊಂಡೆ. ಭಾನುವಾರ ಬೆಳಗ್ಗೆ ಹೇಗೂ ಎಂಟು ಹತ್ತು ಮಕ್ಕಳು, ಅವರ ಅಮ್ಮಂದಿರು ಇರುತ್ತಾರೆ.

ಆ ಹುಡುಗಿ ಕೂತು, ನಾಲ್ಕು ತಂತಿ ಒಂದೊಂದೇ ಮೀಟಿ, ತಾಳದ ತಂತಿ ಮೂರನ್ನೂ ಮುಟ್ಟಿ, ಮೆಟ್ಟಿಲ ಮೇಲೆ ಕೆಳಗಿನಿಂದ ಮೇಲಿನವರೆಗೆ ಹೋದಳು. ಇಳಿದ ಮೆಟ್ಟಿಲು ಬಂದಾಗ ತಾನೇ ಸ್ವಲ್ಪ ತಂತಿ ಎಳೆದು ಸ್ವರ ಸರಿ ಮಾಡಿಕೊಂಡಳು. ನಾನೂ ಗುರುಗಳೂ ಮುಖ ನೋಡಿಕೊಂಡೆವು. ಅವಳ ಟೀಚರ್ ವೀಡಿಯೋ ಕಾಲ್‌ನಲ್ಲಿ ಇದ್ದರು, "ಮೇಣ ಒಂದು ಹಾಕಿಸಿದರೆ ಸಾಕು" ಅಂದರು.

ಅಪ್ಪ 13 ಅಂದರು. 15ಕ್ಕೆ ನಿಂತಿತು.

ಅಪ್ಪ ಫೋನ್ ತೆಗೆದು 5,000 ಕಳಿಸಿದರು. ಬಂತು, ಆ್ಯಪ್‌ನಲ್ಲಿ ನೋಡಿದೆ. ಉಳಿದದ್ದು ಹೋಗಲಿಲ್ಲ. ಮತ್ತೆ ಮಾಡಿದರು, ಹೋಗಲಿಲ್ಲ. "ನಾಳೆ ಹಾಕಿದರೆ ಆಗಲ್ವಾ ಮೇಡಂ?" ಅಂದರು. ನನ್ನ ಮುಖ ಆಗ ಹೇಗಾಗಿತ್ತೋ, ಆ ಮನುಷ್ಯರಿಗೆ ಗೊತ್ತಾಗಿಬಿಟ್ಟಿತು. ಇಬ್ಬರು ಮೋಸಗಾರರ ಜೊತೆ ಮಾತಾಡಿದ ಮೇಲೆ ‘ನಾಳೆ’ ಅನ್ನುವ ಪದ ಕೇಳಿದರೆ ಸಾಕು, ಒಳಗೆ ಗಂಟೆ ಹೊಡೆಯುತ್ತೆ. ನಾನು ಏನೂ ಹೇಳಲಿಲ್ಲ, ವೀಣೆ ಮೇಲಿಟ್ಟ ಕೈ ಮಾತ್ರ ತೆಗೆಯಲಿಲ್ಲ.

ವಿಷಯ ಇಷ್ಟೇ. ಅವರು ಹಿಂದಿನ ದಿನ ಹೊಸ ಫೋನ್ ತೊಗೊಂಡು ಯುಪಿಐ ಹೊಸದಾಗಿ ಹಾಕಿಕೊಂಡಿದ್ದರು. ಮೊದಲ 24 ಗಂಟೆ 5 ಸಾವಿರದ ಮೇಲೆ ಕಳಿಸಲು ಬಿಡಲ್ಲ. ಕಳ್ಳರಿಂದ ನಮ್ಮನ್ನು ಕಾಪಾಡಲು ಮಾಡಿದ ಮಿತಿ ಅದು, ಇಲ್ಲಿ ಒಬ್ಬ ಮರ್ಯಾದಸ್ಥರನ್ನು ಮಗಳ ಎದುರಿಗೆ ತಲೆ ತಗ್ಗಿಸುವ ಹಾಗೆ ಮಾಡಿತು. ಗುರುಗಳೇ ವಾತಾವರಣ ತಿಳಿ ಮಾಡಿ ಎಲ್ಲರಿಗೂ ಕಾಫಿ ತರಿಸಿದರು. ಅವರು ಎನ್.ಆರ್. ಸರ್ಕಲ್ ಕಡೆ ಹೋಗಿ ಎಟಿಎಮ್‌ನಿಂದ 10 ಸಾವಿರ ತಂದರು. ಎಣಿಸುವಾಗ ನನಗೇ ನಾಚಿಕೆ ಆಯಿತು. ಆದರೂ ಎಣಿಸಿದೆ.

ರಸೀದಿ ಎರಡು ಪ್ರತಿ ಬರೆದೆವು. ತಾರೀಕು, ಮೊತ್ತ, ಎಷ್ಟು ಯುಪಿಐ ಎಷ್ಟು ನಗದು, "ಹಲಸಿನ ವೀಣೆ, ಯಾಳಿಯ ಬಲಗಿವಿ ಮುಕ್ಕು, ಒಂದು ಪ್ಲಾಸ್ಟಿಕ್ ಹೂವಿನ ದಳ ಕರಗಿದೆ, ಎರಡು ಮೆಟ್ಟಿಲು ಇಳಿದಿವೆ, ನೋಡಿ ನುಡಿಸಿ ಒಪ್ಪಿದ್ದೇವೆ." ಅವರು ಆಧಾರ್ ಜೆರಾಕ್ಸ್ ಕೊಡಲು ಬಂದರು. ಕೊನೆಯ ನಾಲ್ಕು ಅಂಕಿ ಬರೆದುಕೊಂಡು ವಾಪಸ್ ಕೊಟ್ಟೆ. ಬೇರೆಯವರ ಆಧಾರ್ ನನ್ನ ಮನೆಯಲ್ಲಿ ಯಾಕೆ?

ತಂತಿ ಸ್ವಲ್ಪ ಸಡಿಲ ಮಾಡಿ, ಕಂಬಳಿ ಸುತ್ತಿ, ಕಾರಿನ ಹಿಂದೆ ಮಲಗಿಸಿದೆವು. ಕಂಬಳಿ ನಮ್ಮದೇ. ಇಟ್ಟುಕೊಳ್ಳಿ ಅಂದೆ.

ಸೋಮವಾರ

ಜಾಹೀರಾತು ಅಳಿಸಿದೆ. ಎರಡನೇ ಸಿಮ್ ತೆಗೆದು ಡಬ್ಬಿಗೆ ಹಾಕುವ ಮುಂಚೆ ಒಂದು ಮೆಸೇಜ್ ಇತ್ತು, ಬೇರೆ ನಂಬರು: "ವೀಣಾ ಜೀ, ಐಟಂ ಇದೆಯಾ?"

ಶನಿವಾರ

ಸಕಲೇಶಪುರದಿಂದ ಅರ್ಧ ನಿಮಿಷದ ಆಡಿಯೋ ಬಂತು. ಮೋಹನ ರಾಗದ ಗೀತೆ. ಹಿಂದೆ ಮಳೆ ಸದ್ದು. ಒಂದು ಮೆಟ್ಟಿಲು ಇನ್ನೂ ಇಳಿದೇ ಇದೆ, ಅಲ್ಲಿ ಹುಡುಗಿ ತಂತಿ ಎಳೆಯುವುದು ಕೇಳುತ್ತೆ. ಮೈಸೂರಿನ ಯಜಮಾನರನ್ನು ಕೇಳಿ ಅವರ ನಂಬರ್ ಕಳಿಸಿಕೊಟ್ಟೆ. ಬೆಳಗಿನ ಜಾವವೇ ಹೊರಡಿ ಅಂತಲೂ ಬರೆದೆ.