ದನಿ ನಂಬಿ ಹಳ್ಳ ದಾಟಿದವರು

ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಲ್ಲಿದ್ದೆ. ಕಿವಿಗೆ ಹೆಡ್‌ಫೋನ್, ಎದುರಿಗೆ ಮೈಕು. ತೆರೆಯ ಮೇಲೆ ಒಂದು ಕಾರ್ಟೂನ್ ಕರಡಿ ಬಾಯಿ ತೆರೆದು ನಿಂತಿತ್ತು. ಅದಕ್ಕೆ ನಾನು ದನಿ ಕೊಡಬೇಕಿತ್ತು. ಆಗಲಿಲ್ಲ. ರೆಕಾರ್ಡಿಂಗ್ ಮಾಡುವ ಹುಡುಗ ಏನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟ. ಆ ರಾತ್ರಿಯೇ ಸಾಗರದ ಬಸ್ಸು ಹತ್ತಿದೆ.

ಸಾಗರದ ಕಡೆಯ, ಆ ಮೇಷ್ಟ್ರಿದ್ದ ಶಾಲೆಯಲ್ಲಿ ನಾನು ಓದಿದ್ದು 1984ರಿಂದ 1987ರವರೆಗೆ. ಏನು ಪಾಠ ಇತ್ತು ಅಂತ ಕೇಳಿದರೆ ಹೆಚ್ಚೇನೂ ಹೇಳಲಾರೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ನೆನಪಿದೆ. ಮೂಲೆಯಲ್ಲಿ ರಾಶಿ ಬಿದ್ದ ಒದ್ದೆ ಕೊಡೆಗಳ ವಾಸನೆ ನೆನಪಿದೆ. ಮತ್ತೆ ಇಬ್ಬರು ಮೇಷ್ಟ್ರು.

ಒಬ್ಬರು ಹೆಡ್‌ಮೇಷ್ಟ್ರು. ನಶ್ಯ ಏರಿಸಿ, "ಹ್ಞೂಂ" ಅಂತ ಗಂಟಲು ಸರಿಮಾಡಿಕೊಂಡೇ ಮಾತು ಶುರು ಮಾಡುತ್ತಿದ್ದರು. ಆ "ಹ್ಞೂಂ" ಕೇಳಿದರೆ ಇಡೀ ಶಾಲೆ ಗಪ್‌ಚಿಪ್. ಅದನ್ನು ನಾನು ಎಂಟನೇ ಕ್ಲಾಸಿನಲ್ಲೇ ಚಾಚೂ ತಪ್ಪದೆ ಕಲಿತಿದ್ದೆ. ದಿನಾ ಭದ್ರಾವತಿ ಆಕಾಶವಾಣಿ ಕೇಳಿ ಕೇಳಿ ನನ್ನ ಕಿವಿ ಚೆನ್ನಾಗಿ ಪಳಗಿತ್ತು. ಯಾರ ಮಾತು ಕೇಳಿದರೂ ಹಾಗೇ ಹೇಳಿಬಿಡುತ್ತಿದ್ದೆ.

1985ರ ಜುಲೈ. ಬೆಳಗಿನಿಂದ ಬಿಡದ ಮಳೆ. ಹೆಡ್‌ಮೇಷ್ಟ್ರು ಸಾಗರಕ್ಕೆ ಹೋಗಿದ್ದರು. ಪಕ್ಕದ ಎಂಟನೇ ಕ್ಲಾಸಿನವರಿಗೆ ಅದು ಗೊತ್ತಿರಲಿಲ್ಲ. ಎರಡು ಕ್ಲಾಸಿನ ನಡುವೆ ಇದ್ದದ್ದು ಅಡಿಕೆ ದಬ್ಬೆಯ ತಡಿಕೆ ಮಾತ್ರ. ನಾನು ಅದಕ್ಕೆ ಬಾಯಿ ಹಚ್ಚಿ ಹೇಳಿದೆ: "ಹ್ಞೂಂ... ಮಳೆ ಜಾಸ್ತಿ ಆಗ್ತಾ ಇದೆ. ಎಲ್ಲರೂ ಮನೆಗೆ ಹೋಗ್ರಯ್ಯಾ." ಐದೇ ನಿಮಿಷ. ಕೊಡೆ, ಕಂಬಳಿಕೊಪ್ಪೆ ಎತ್ತಿಕೊಂಡು ಎಲ್ಲರೂ ಓಡಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕನ್ನಡ ಮೇಷ್ಟ್ರು ಬಂದು ಖಾಲಿ ಬೆಂಚು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಹಳ್ಳ ಬೆಳಗ್ಗೆಯೇ ಏರಿತ್ತು. ದಾಟಲು ಇದ್ದದ್ದು ಎರಡು ಅಡಿಕೆ ಮರದ ಸಂಕ. ಹನ್ನೊಂದು ಮಕ್ಕಳ ಮನೆ ಹಳ್ಳದ ಆಚೆ.

ಅವರು ನನಗೆ ಹೊಡೆಯಲಿಲ್ಲ. ಕೈ ಹಿಡಿದುಕೊಂಡು ಹೊರಟರು. ರಸ್ತೆಯ ಮೋರಿ ಸುತ್ತಿ ಹಳ್ಳದಾಚೆ ಹೋಗಿ, ಒಂದೊಂದೇ ಮನೆಯ ಅಂಗಳದಲ್ಲಿ ನಿಂತು ಮಗುವಿನ ಹೆಸರು ಕೂಗಿದರು. ಮಗು ಜಗಲಿಗೆ ಬಂದ ಮೇಲೇ ಮುಂದಿನ ಮನೆ. ಹತ್ತು ಮಕ್ಕಳು ಸಿಕ್ಕರು. ಹನ್ನೊಂದನೆಯವನು ಮನೆಗೆ ಬಂದಿರಲಿಲ್ಲ. ಅವನ ತಾಯಿ ನಮ್ಮನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಕತ್ತಲಾಗುತ್ತಿತ್ತು. ಕೊನೆಗೆ ಹಳ್ಳದ ಈಚೆ ಯಾರದೋ ಕೊಟ್ಟಿಗೆಯಲ್ಲಿ, ಕರುವಿನ ಪಕ್ಕ ಮುದುರಿ ಕೂತಿದ್ದ ಹುಡುಗ ಸಿಕ್ಕ. ಸಂಕ ನೋಡಿ ಹೆದರಿ ನಿಂತುಬಿಟ್ಟಿದ್ದ. ಮೇಷ್ಟ್ರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದರು.

ವಾಪಸ್ ಬರುವಾಗ ಒಂದೇ ಮಾತು ಹೇಳಿದರು. "ನಿನ್ನ ದನಿ ನಂಬಿ ಹತ್ತು ಮಕ್ಕಳು ಹಳ್ಳ ದಾಟಿದ್ದಾರೆ, ಮಾಣಿ. ನಂಬೋ ಹಾಗೆ ಮಾತಾಡೋಕೆ ಬರುತ್ತೆ ನಿಂಗೆ. ಅದನ್ನ ಏನು ಮಾಡ್ತೀಯ?"

ಮಾರನೇ ದಿನದಿಂದ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನನಗೆ ಓದುವ ಶಿಕ್ಷೆ. ಅವರು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಬೋರ್ಡಿನ ಹತ್ತಿರ ನಿಂತು ಮಳೆಯ ಸದ್ದಿನ ನಡುವೆ ಓದಬೇಕು. ಕಿರುಚುವ ಹಾಗಿಲ್ಲ. "ಕೊನೆ ನುಂಗಬೇಡ. ಕನ್ನಡದಲ್ಲಿ ಕ್ರಿಯಾಪದ ಬರೋದೇ ಕೊನೆಗೆ. ಅದನ್ನ ನುಂಗಿದ್ರೆ ಬಂದನೋ ಹೋದನೋ ಹೇಗೆ ಗೊತ್ತಾಗಬೇಕು?" ಅನ್ನುತ್ತಿದ್ದರು. ಒಂದು ಸಣ್ಣ ಕನ್ನಡಿ ತಂದು ವರ್ಣಮಾಲೆ ಹೇಳಿಸಿದರು. ಕ ಗಂಟಲಲ್ಲಿ, ತ ಹಲ್ಲಿನ ಹತ್ತಿರ, ಪ ತುಟಿಯಲ್ಲಿ. ಪ, ಬ, ಮ ಬಂದಾಗಲೆಲ್ಲ ಕನ್ನಡಿಯಲ್ಲಿ ತುಟಿ ಸೇರುವುದನ್ನು ನೋಡಬೇಕಿತ್ತು. ಹಳೆಗನ್ನಡದ ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು ಅಂತ ಅವರು ಹೇಳಿದ್ದೂ ಆಗಲೇ.

ಈ ಪಾಠ ನನಗೆ ಅನ್ನ ಕೊಟ್ಟಿತು. ಹೆಗ್ಗೋಡಿನ ನೀನಾಸಂ ನಾಟಕ ಶಾಲೆಯಲ್ಲಿ ಒಂದು ವರ್ಷ ಕಲಿತು ಬೆಂಗಳೂರಿಗೆ ಹೋದೆ. ಒಂದು ಹಾಸ್ಯ ಧಾರಾವಾಹಿಯಲ್ಲಿ ಎಂಟು ವರ್ಷ ಮನೆ ಮಾಲೀಕನ ಪಾತ್ರ ಮಾಡಿದೆ. ಇವತ್ತಿಗೂ ಮಾರ್ಕೆಟ್ಟಿನಲ್ಲಿ ಜನ "ಓನರ್ರೇ" ಅಂತ ಕರೆದು ಕೈ ಹಿಡಿದುಕೊಳ್ಳುತ್ತಾರೆ. ಸಾಗರದ ಹುಡುಗನೊಬ್ಬ ಇಷ್ಟು ಮನೆಗಳ ಒಳಗೆ ಹೋದನಲ್ಲ ಅಂತ ನನಗೆ ಹೆಮ್ಮೆ ಇದೆ.

2009ರಲ್ಲಿ ಚಿಂಟು ಟಿವಿ ಬಂತು. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಕಾರ್ಟೂನ್. ನಾನು ಪೂರ್ತಿ ದನಿಯ ಕೆಲಸಕ್ಕೆ ತಿರುಗಿದೆ. ಸಿನಿಮಾ ಡಬ್ಬಿಂಗಿಗೆ ನಮ್ಮಲ್ಲಿ ದಶಕಗಳಿಂದ ವಿರೋಧ ಇತ್ತು. 2015ರಲ್ಲಿ, ಡಬ್ಬಿಂಗ್ ತಡೆಯುವ ಹಾಗಿಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂತು. 2017ರಿಂದ ಬೇರೆ ಭಾಷೆಯ ಸಿನಿಮಾಗಳು ಕನ್ನಡ ಮಾತಾಡಿಕೊಂಡು ಥಿಯೇಟರಿಗೆ ಬರತೊಡಗಿದವು.

ತಮಿಳು ನಟ ತೆರೆಯ ಮೇಲೆ "ಪೋ" ಅನ್ನುತ್ತಾನೆ. ಅವನ ತುಟಿ ಸೇರುತ್ತದೆ. ನಮ್ಮ "ಹೋಗು"ವಿಗೆ ತುಟಿ ಸೇರುವುದಿಲ್ಲ. ಸಾವಿರ ವರ್ಷದ ಹಿಂದಿನ ಕನ್ನಡವಾಗಿದ್ದರೆ "ಪೋಗು" ಅಂದು ಮುಗಿಸಬಹುದಿತ್ತು! ಈಗ "ಬೇಗ ಹೋಗು" ಅನ್ನಬೇಕು. ಆ ಬ ಅಕ್ಷರ ಅವನ ತುಟಿಯ ಮೇಲೆ ಸರಿಯಾಗಿ ಕೂತರೆ, ನೋಡುವವರಿಗೆ ಅವನೇ ಕನ್ನಡ ಮಾತಾಡಿದ ಹಾಗೆ ಕಾಣುತ್ತದೆ. ಹೊಸ ಹುಡುಗರಿಗೆ ಇದನ್ನು ಹೇಳಿಕೊಡುವಾಗ ನಾನೂ ಕನ್ನಡಿ ಹಿಡಿಸುತ್ತೇನೆ.

ಒಮ್ಮೆ ಸಕ್ಕರೆ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುತ್ತೇವೆ ಅನ್ನುವ ಪುಡಿಯ ಜಾಹೀರಾತು ಬಂತು. ದುಡ್ಡು ಚೆನ್ನಾಗಿತ್ತು. ಸ್ಕ್ರಿಪ್ಟ್ ಓದುತ್ತಿದ್ದ ಹಾಗೆ ಆ ಸಂಕ ಕಣ್ಣ ಮುಂದೆ ಬಂತು. ಹಾಳೆ ವಾಪಸ್ ಕೊಟ್ಟು ಎದ್ದು ಬಂದೆ.

ಈಗಿನ ಶಾಲೆಗಳ ಬಗ್ಗೆ ನನ್ನದೊಂದು ಸಣ್ಣ ದೂರಿದೆ. ಮಕ್ಕಳನ್ನು ನಿಲ್ಲಿಸಿ ಜೋರಾಗಿ ಓದಿಸುವುದೇ ಕಡಿಮೆಯಾಗಿದೆ. ನನ್ನ ತಂಗಿಯ ಮಗ ತೊಂಬತ್ತೈದು ಪರ್ಸೆಂಟ್ ತೆಗೆದಿದ್ದಾನೆ. ಒಂದು ಪುಟ ಓದು ಅಂದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಅವನಿಗೆ ಗೊತ್ತಿಲ್ಲ. ತಪ್ಪು ಅವನದಲ್ಲ. ಕೊನೆಯ ಬೆಂಚಿನಲ್ಲಿ ಕೂತು ಕೇಳುವವರು ಬೇಕು, ಅಲ್ವಾ?

ಮೇಷ್ಟ್ರ ಹದಿಮೂರನೇ ದಿನ ಹಳೆಯ ಹುಡುಗರೆಲ್ಲ ಸೇರಿದ್ದೆವು. ಕೊಟ್ಟಿಗೆಯಲ್ಲಿ ಕೂತಿದ್ದ ಆ ಹುಡುಗನೂ ಬಂದಿದ್ದ. ಈಗ ತೋಟ ನೋಡಿಕೊಂಡಿದ್ದಾನೆ. ಇಷ್ಟು ವರ್ಷದ ಮೇಲೆ ಅವನ ಹತ್ತಿರ ತಪ್ಪಾಯಿತು ಅಂದೆ. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟ.

ಊಟ ಆದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಗೆ ಕರೆದರು. ಕೊನೆಯ ಎರಡು ವರ್ಷ ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಆದರೂ ಮೊಮ್ಮಗ ಕಾರ್ಟೂನ್ ಹಾಕಿದರೆ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆಸಿಕೊಳ್ಳುತ್ತಿದ್ದರಂತೆ.

"ಅಜ್ಜಾ, ನಿಂಗೆ ಕಾಣೋದೇ ಇಲ್ವಲ್ಲ. ಯಾರು ಮಾತಾಡ್ತಿರೋದು ಹೇಳು ನೋಡೋಣ, ಕರಡಿನಾ ನರಿನಾ?" ಅಂತ ಮೊಮ್ಮಗ ಕೇಳುತ್ತಿದ್ದನಂತೆ.

"ಸುಮ್ನಿರು. ಅದು ನಮ್ಮ ಮಾಣಿ" ಅನ್ನುತ್ತಿದ್ದರಂತೆ.