ನಾಳೆ ಕೊಲ್ಲೂರು

ನಿಟ್ಟೂರು ಮುಟ್ಟುವಾಗ ಸಂಜೆ ಆರು ಗಂಟೆ. ಪರಿಚಯದವರ ಮನೆ ಜಗಲಿಯಲ್ಲಿ ಕಾಲು ಚಾಚಿ ಕೂತು ಇದನ್ನು ಬರೆಯುತ್ತಿದ್ದೇನೆ. ಮನೆಯವರು ಕುಡಿಯೋಕೆ ನೀರು, ಜೊತೆಗೆ ಒಂದು ತುಂಡು ಬೆಲ್ಲ ಕೊಟ್ಟರು. ಅಂಗಳದಲ್ಲಿ ಅಡಿಕೆ ಬೇಯುತ್ತಿದೆ, ಚೊಗರಿನ ವಾಸನೆ ಇಲ್ಲಿವರೆಗೂ ಬರುತ್ತಿದೆ. ಶಿವಮೊಗ್ಗದಿಂದ ನಾನು, ಅಣ್ಣ ಇಬ್ಬರೇ ಹೊರಟು ಇವತ್ತಿಗೆ ಐದು ದಿನ. ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ ದಾಟಿ ಬಂದೆವು. ನಾಳೆ ಕತ್ತಲೆಯಲ್ಲೇ ಎದ್ದು ಕೊಡಚಾದ್ರಿ ಹತ್ತಿ ಆ ಕಡೆ ಇಳಿದರೆ ಕೊಲ್ಲೂರು.

ಹರಕೆ ನನ್ನದಲ್ಲ, ಅಮ್ಮನದು.

ನಾಲ್ಕು ವರ್ಷ ತುಂಬಿದರೂ ನನಗೆ ಮಾತು ಬಂದಿರಲಿಲ್ಲವಂತೆ. ಊರಲ್ಲಿ ಕೆಲವರು ಅಮ್ಮನ ಎದುರಿಗೇ "ಮೂಗಿ" ಅಂದುಬಿಡುತ್ತಿದ್ದರು. 1987ರಲ್ಲಿ ಅಮ್ಮ ದೇವರ ಮುಂದೆ ಮುಡಿಪು ಕಟ್ಟಿ, ಮಗಳಿಗೆ ಮಾತು ಬಂದರೆ ಕೊಲ್ಲೂರಿಗೆ ನಡೆದುಕೊಂಡೇ ಬರುತ್ತೇನೆ ಎಂದು ಹೇಳಿಕೊಂಡಳು. ಮಾತು ಬಂತು. ಈಗ ಶಾಲೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಮಾತಾಡೋದೇ ನನ್ನ ಕೆಲಸ. ಆದರೆ ಅಮ್ಮನಿಗೆ ಹೊರಡೋಕೆ ಆಗಲೇ ಇಲ್ಲ. ಮನೆ, ಕೊಟ್ಟಿಗೆ, ಅಜ್ಜಿಯ ಕಾಯಿಲೆ, ಆಮೇಲೆ ಮಂಡಿ ನೋವು. ಬಸ್ಸಲ್ಲಿ ಎಷ್ಟೋ ಸಲ ಕೊಲ್ಲೂರಿಗೆ ಹೋಗಿ ಬಂದಳು, ಮುಡಿಪನ್ನು ಮಾತ್ರ ಒಮ್ಮೆಯೂ ತೆಗೆದುಕೊಂಡು ಹೋಗಲಿಲ್ಲ. "ಬಸ್ಸಲ್ಲಿ ಹೋಗಿ ಕೊಟ್ರೆ ಅದು ಹರಕೆ ಅಲ್ಲ" ಅಂತ.

ಆ ಮುಡಿಪು ಈಗ ನನ್ನ ಚೀಲದಲ್ಲಿದೆ. ಅರಿಶಿನದ ಬಟ್ಟೆ ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿದೆ, ಗಂಟು ಕಲ್ಲಿನಂತೆ ಗಟ್ಟಿ. ಒಳಗಿನ ನಾಣ್ಯಗಳು ಕಾಣುವುದಿಲ್ಲ, ಬೆರಳಾಡಿಸಿದರೆ ಗೊತ್ತಾಗುತ್ತದೆ: ಆ ಕಾಲದ ಅಗಲದ ಒಂದು ರೂಪಾಯಿ, ಹನ್ನೊಂದು. ದಿನಾ ರಾತ್ರಿ ಮಲಗುವ ಮುಂಚೆ ಒಮ್ಮೆ ಮುಟ್ಟಿ ನೋಡುತ್ತೇನೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಮೂಕಾಸುರ. ಕಥೆ ಗೊತ್ತಲ್ವಾ? ಕೌಮಾಸುರ ತಪಸ್ಸು ಮಾಡಿ, ಇನ್ನೇನು ಶಿವನ ಹತ್ತಿರ ವರ ಕೇಳಬೇಕು ಅನ್ನುವಾಗ ದೇವಿ ಅವನ ಮಾತನ್ನೇ ಕಟ್ಟಿಬಿಟ್ಟಳು. ಅವನು ಮೂಕನಾದ, ಕೊನೆಗೆ ಅವಳ ಕೈಯಲ್ಲೇ ಸತ್ತ. ಅವಳು ಮೂಕಾಂಬಿಕೆಯಾದಳು. ಚಿಕ್ಕವಳಿದ್ದಾಗ ಇದನ್ನು ರಾಕ್ಷಸನಿಗೆ ಆದ ಶಿಕ್ಷೆ ಅಂತಷ್ಟೇ ಕೇಳಿದ್ದೆ. ಈ ಐದು ದಿನ ನಡೆಯುತ್ತಾ ನಡೆಯುತ್ತಾ ಬೇರೆಯೇ ಕಂಡಿತು. ಮಾತಿಲ್ಲದವನ ಹೆಸರನ್ನು ಅವಳು ತನ್ನ ಹೆಸರಿನ ಮುಂದೆ ಇಟ್ಟುಕೊಂಡಿದ್ದಾಳೆ, ದಿನಾ ಸಾವಿರಾರು ಜನ ಅವಳನ್ನು ಕರೆಯುವಾಗ ಮೊದಲು ಬಾಯಿಗೆ ಬರುವುದು "ಮೂಕ" ಅನ್ನುವ ಆ ಶಬ್ದವೇ. ನನ್ನ ಅಮ್ಮನನ್ನು ಅಷ್ಟು ನೋಯಿಸಿದ ಮಾತು ಅಲ್ಲಿ ತಾಯಿಯ ಹೆಸರಲ್ಲಿ ಕೂತಿದೆ. ಇದು ಹೊಳೆದದ್ದು ಹೊಸನಗರ ದಾಟಿದ ಮೇಲೆ, ಒಂದು ಮೋರಿಯ ಮೇಲೆ ಕೂತು ಅಂಗಾಲಿನ ಬೊಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚುವಾಗ. ಸುಮ್ನೆ ಅತ್ತುಬಿಟ್ಟೆ. ಕಾಲು ನೋವು ಅಂದುಕೊಂಡ ಅಣ್ಣ ನೀರಿನ ಬಾಟಲಿ ಚಾಚಿದ.

ಅಮ್ಮನ ತವರು ನಗರದ ಹತ್ತಿರ. ಹಾಗಾಗಿ ದಿನಾ ಫೋನಲ್ಲಿ ಅವಳೇ ನಮಗಿಂತ ಮುಂದೆ ನಡೆಯುತ್ತಾಳೆ. ಇವತ್ತು ಬೆಳಗ್ಗೆ, "ಕೋಟೆ ದಾಟಿದ್ರಾ?" ಅಂತ ಕೇಳಿದಳು. ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಕೆಳದಿ ಅರಸರ ಬಿದನೂರು ಇದೇ, 1763ರಲ್ಲಿ ಹೈದರಾಲಿ ಕೈಗೆ ಹೋದದ್ದು. ಬೇರೆ ದಿನವಾಗಿದ್ದರೆ ಹತ್ತಿ ನೋಡುತ್ತಿದ್ದೆ. ಇವತ್ತು ಬಾಗಿಲಲ್ಲಿ ನಿಂತು ಫೋಟೋ ತೆಗೆದು ಅಮ್ಮನಿಗೆ ಕಳಿಸಿ ಮುಂದೆ ಬಂದೆವು.

ನಾಳೆಯ ದಾರಿ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. ಕೊಡಚಾದ್ರಿ 1343 ಮೀಟರ್. ಅಲ್ಲಿ ಮೂಲ ಮೂಕಾಂಬಿಕೆಯ ಗುಡಿ, ಅದಕ್ಕೂ ಮೇಲೆ ಕಲ್ಲಿನ ಸರ್ವಜ್ಞ ಪೀಠ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿ ದೇವಿಯನ್ನು ತಮ್ಮ ಜೊತೆ ಬಾ ಅಂದರಂತೆ. ಬರುತ್ತೇನೆ, ತಿರುಗಿ ನೋಡಬಾರದು ಅಂದಳಂತೆ ಅವಳು. ಅವರು ಮುಂದೆ, ಹಿಂದೆ ಅವಳ ಗೆಜ್ಜೆ ಸದ್ದು. ಕೊಲ್ಲೂರಿಗೆ ಬಂದಾಗ ಸದ್ದು ನಿಂತಿತು. ತಿರುಗಿದರು. ಅವಳು ಅಲ್ಲೇ ಉಳಿದಳು. ಅವರ ಹಿಂದೆ ಅವಳು ಇಳಿದು ಬಂದ ಬೆಟ್ಟವನ್ನೇ ನಾಳೆ ನಾವೂ ಇಳಿಯುವುದು.

ನಿಜ ಹೇಳಬೇಕೆಂದರೆ, ಮುಗಿಯುವುದು ಬೇಡ ಅನ್ನಿಸುತ್ತಿದೆ. ಮೊದಲ ದಿನ ಆಯನೂರು ಬರುವಷ್ಟರಲ್ಲೇ ಇನ್ನೆಷ್ಟು ದೂರ ಅಂತ ಲೆಕ್ಕ ಹಾಕುತ್ತಿದ್ದವಳು ನಾನು. ಇವತ್ತು ಮಧ್ಯಾಹ್ನದ ಮೇಲೆ ಬೇಕೆಂದೇ ನಿಧಾನ ನಡೆದೆ. ಅಣ್ಣನೂ ಅವಸರ ಮಾಡಲಿಲ್ಲ. ರಾತ್ರಿ ಮಂಗಳಾರತಿ ಹೊತ್ತಿಗೆ ಸೇರಿದರೆ ಕಷಾಯ ತೀರ್ಥ ಸಿಗುತ್ತದೆ, ಅಷ್ಟು ಆಸೆ ಮಾತ್ರ ಇದೆ.

ಈಗ ತಾನೇ ಅಮ್ಮನಿಗೆ ಫೋನ್ ಮಾಡಿದೆ. ಬೆಟ್ಟದಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ, ಕೊಲ್ಲೂರಿಗೆ ಬಂದ ಮೇಲೇ ಮಾತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಪುಟ್ಟಿ, ಗಂಟು ಬಿಚ್ಚಬೇಡ, ಹಾಗೇ ಒಪ್ಸು," ಅಂದಳು. ಆಮೇಲೆ, "ಇಳಿಯುವಾಗ ಮಾತಾಡ್ಬೇಡ ಆಯ್ತಾ. ಕೇಳಿಸ್ಕೊಳ್ತಾ ಇಳಿ."